ನೆಗೆಣ್ಣಿ ಆರಿಸಿದ ಲಾರಿ ಅಚ್ಚು

ತೇರ್ನಾ ನದಿಯ ಆಚೆ ದಡದಲ್ಲಿ ನಮ್ಮ ಮೋಟಾರಿನ ಹಿಂದಿನ ಅಚ್ಚು ಮುರಿದದ್ದು ನನ್ನಿಂದ. ಮಂದಿ ಅದಕ್ಕೆ ಏನೇನೋ ಕಾರಣ ಹಚ್ಚಿದರು. ದೃಷ್ಟಿ ತಾಗಿತು ಅಂದರು, ಅಮಾಸಿ ಮರುದಿನ ಕಬ್ಬಿಣ ತಂದಿರಿ ಅಂದರು, ಮಿಸ್ತ್ರಿ ಕೈ ಸರಿಯಿಲ್ಲ ಅಂದರು. ಯಾವುದೂ ಖರೆ ಅಲ್ಲ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ನಿಮ್ಮ ಗಂಡನಿಗೆ ಮುಟ್ಟಿಸ್ರಿ ಅಂತ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ್ದಳು. ನಾನು ಹೊಟ್ಟೆಕಿಚ್ಚಿಗೆ ಅದನ್ನು ನುಂಗಿ, ಅದರ ಜಾಗದಲ್ಲಿ ಸುಳ್ಳು ಹೇಳಿದೆ. ಆದದ್ದು ಇಷ್ಟು.

ಆಗ ನಿಜಾಮನ ಆಳಿಕೆ. ನಮ್ಮೂರು ಉಮರಗಾದಿಂದ ಎರಡು ಹರದಾರಿ. ನನ್ನ ಗಂಡ ಹಿರಿಯವ, ಮೈದುನ ಕಿರಿಯವ. ಅತ್ತೆ ಮಾವ ಇಬ್ಬರೂ ಹೋಗಿದ್ದರು. ಮೈದುನನಿಗೆ ಹೊಲ ಬಿಟ್ಟರೆ ಬೇರೆ ಲೋಕ ಇಲ್ಲ. ನನ್ನ ಗಂಡನಿಗೆ ಹೊಲದಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಶೇಂಗಾ ಸೊಲ್ಲಾಪುರಕ್ಕೆ ಒಯ್ದರೆ ಸರಹದ್ದಿನ ನಾಕಾದಲ್ಲಿ ಅರ್ಧ ದಿನ ನಿಂತು ಚೀಲ ಬಿಚ್ಚಿ ತೋರಿಸಬೇಕು. ಅದಕ್ಕೆ ಉದಗೀರಕ್ಕೆ ರೈಲು ಬಂದ ಮೇಲೆ ಉಮರಗಾದ ಅಡತಿ ಸಾಹುಕಾರ ಮಾಲನ್ನು ನಿಲಂಗಾದ ಮೇಲೆ ಹಾಯಿಸಿ ಉದಗೀರ ಠೇಸನಕ್ಕೆ ಕಳಿಸತೊಡಗಿದ. ಬಂಡಿಗೆ ಅದು ಮೂರು ದಿನದ ದಾರಿ. ನನ್ನ ಗಂಡ ಎರಡು ಜೋಡಿ ಎತ್ತು ಕೊಟ್ಟು ಒಂದು ಹಳೇ ಮೋಟಾರು ತಂದ. ಯಾವನೋ ಜಾಗೀರದಾರ ಕುಂತು ಕುಂತು ಸಾಕಾಗಿ ಬಿಟ್ಟದ್ದು. ಉಮರಗಾದ ಮಿಸ್ತ್ರಿ ಅದರ ಹಿಂದಿನ ಮೆತ್ತೆ, ತಗಡು ಎಲ್ಲ ಕೊಯ್ದು ತೆಗೆದು, ಬೇವಿನ ಹಲಗೆ ಹೊಡೆದು, ಚೀಲ ಹೇರುವ ಗಾಡಿ ಮಾಡಿಕೊಟ್ಟ. ಮುಂದಿನಿಂದ ನೋಡಿದರೆ ನವಾಬ, ಹಿಂದಿನಿಂದ ನೋಡಿದರೆ ಬಂಡಿ.

ಸಾಹುಕಾರ ಖಡಾಖಡಿ ಹೇಳಿದ್ದ. "ಯುಗಾದಿತನಾ ಮಾಲೆಲ್ಲಾ ನಿನಗೇ ಕೊಡತೀನಿ. ಒಮ್ಮಿಗೆ ಮೂವತ್ತು ಚೀಲ ಹೊರಬೇಕು. ಆಗಲಿಲ್ಲಂದ್ರ ಬಂಡಿಯವರು ಬಾಗಲದಾಗೇ ನಿಂತಾರ." ಎತ್ತು ಹೋಗಿದ್ದವು. ಮೋಟಾರು ಮೂವತ್ತು ಚೀಲ ಹೊರದಿದ್ದರೆ ಮುಂದಿನ ಬಿತ್ತಿಗೆಗೆ ಅಣ್ಣ ತಮ್ಮ ಇಬ್ಬರೂ ಕೂರಿಗೆಗೆ ತಮ್ಮ ಹೆಗಲೇ ಕೊಡಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ನೆಗೆಣ್ಣಿ ನಮ್ಮ ಮನೆ ತುಂಬಿ ಆಗ ಒಂದು ವರ್ಷ. ಉದಗೀರದವಳು. ಆಕಿ ಅಪ್ಪನದು ಠೇಸನದ ಬಾಜೂಕ್ಕೆ ಹಳೇ ಕಬ್ಬಿಣದ ಗುಜರಿ. ರೈಲು ಹಳಿ ಹಾಕುವಾಗ ಗುತ್ತೇದಾರರು ತಂದಿದ್ದ ಲಾರಿಗಳು ಕೆಟ್ಟು ಅಲ್ಲೇ ಬಿದ್ದಿದ್ದವು. ಮುದುಕ ಅವನ್ನು ಬಿಚ್ಚಿ ಬಿಚ್ಚಿ ಮಾರುತ್ತಿದ್ದ. ಆಕಿ ಅಂಬೆಗಾಲಿಟ್ಟದ್ದೇ ಅದರೊಳಗೆ. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಆಕಿ ಕೈಯಲ್ಲಿ ರೊಟ್ಟಿ ನಡುವೆ ಹರಿಯುತ್ತಿತ್ತು. ಒಂದು ವರ್ಷ ನನಗೆ ಅದೊಂದೇ ಸಮಾಧಾನ.

ನಮ್ಮಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ಬಾಯಿ ತೆರೆಯುವಂತಿಲ್ಲ. ಸೆರಗು ಗಲ್ಲದ ತನಕ. ಏನಾದರೂ ಹೇಳುವುದಿದ್ದರೆ ನನ್ನ ಮುಂದೆ ಹೇಳಬೇಕು, ನಾನು ಗಂಡನಿಗೆ ಹೇಳಬೇಕು. ಅಂವಾ ಅಲ್ಲೇ ಮೂರು ಮೊಳ ದೂರದಲ್ಲಿ ಕುಂತು ಎಲ್ಲ ಕೇಳಿಸಿಕೊಂಡಿದ್ದರೂ ಕೇಳಿಸಿಕೊಂಡಿಲ್ಲ ಅಂತಲೇ ಲೆಕ್ಕ. ಉಪ್ಪಿಲ್ಲ, ಎಣ್ಣೆ ತೀರಿತು ಅನ್ನುವುದಕ್ಕೆ ಈ ಪದ್ಧತಿ ಸಾಕಾಗುತ್ತಿತ್ತು. ಮೋಟಾರಿಗೆ ಸಾಕಾಗಲಿಲ್ಲ.

ಒಂದು ದಿನ ಮೋಟಾರು ಅಂಗಳಕ್ಕೆ ಬಂದು ನಿಂತಿತು. ಆಕಿ ಒಳಗೆ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

"ಅಕ್ಕಾ, ಮೋಟಾರು ನರಳಲಿಕತ್ತದ್ರಿ."

"ನರಳಾಕ ಅದೇನು ದಿನ ತುಂಬಿದ ಬಸುರೀನೇನು? ಹಿಟ್ಟು ನಾದು ಸುಮ್ಮ."

"ಹಂಗಲ್ರಿ ಅಕ್ಕಾ. ಹಿಂದ ಎರಡು ಗಾಲಿ ನಡುವ ಗುಂಡನ ಡಬ್ಬಿ ಅದ ನೋಡ್ರಿ, ಅದರೊಳಗ ಹಲ್ಲಿಗೆ ಹಲ್ಲು ತಿಂತಾವ. ಎಣ್ಣಿ ಆರ್ಯಾದ. ಭಾವಗ ಹೇಳ್ರಿ."

ನಾನು ಗಂಡನಿಗೆ ನಗುತ್ತ ಹೇಳಿದೆ, ಚೇಷ್ಟೆ ಮಾಡಲಿಕ್ಕೆ. "ನಿಮ್ಮ ಮೋಟಾರಿಗೆ ಹಲ್ಲಬ್ಯಾನಿ ಬಂದದಂತ್ರಿ." ಅಂವಾ ನಗಲಿಲ್ಲ. ಮೋಟಾರಿನ ಕೆಳಗೆ ಹೊಕ್ಕು ಡಬ್ಬಿಯ ಬಿರಡಿ ಬಿಚ್ಚಿದ. ಒಳಗೆ ಹುರಿದಂಗೆ ಒಣಗಿತ್ತು. ಹೊರಗೆ ಬಂದವನೇ ನನ್ನ ಮುಖ ನೋಡದೆ ಅಡುಗೆಮನೆ ಬಾಗಿಲಿನ ಕಡೆ ನೋಡಿದ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆ ನೋಟಕ್ಕೆ.

ಅವತ್ತಿನಿಂದ ಅಂವಾ ಮನೆಗೆ ಬಂದರೆ ನೀರು ಕುಡಿಯುವ ಮೊದಲು ಕೇಳುವುದು ಒಂದೇ ಮಾತು. "ಆಕಿ ಏನಂದ್ಲು?" ಲಗ್ನ ಆಗಿ ಒಂಬತ್ತು ವರ್ಷ, ನೀ ಏನಂತಿ ಅಂತ ನನಗೆ ಒಂದು ದಿನ ಕೇಳಿದವನಲ್ಲ. ಈಗ ದಿನಾ ನನ್ನ ಎದುರು ಕುಂತು ಮಾತಾಡುತ್ತಾನೆ, ಆದರೆ ಮಾತು ನನ್ನ ಸಂಗಡ ಅಲ್ಲ. ನಾನು ಟಪಾಲಿನವಳು. ಏನು ಹೊತ್ತು ತಂದೆ ಅಂತ ನನಗೇ ತಿಳಿಯುತ್ತಿರಲಿಲ್ಲ. "ಪಾಟಾ ಸಡ್ಲ ಆಗ್ಯಾವ," "ಗಾಲಿ ಒಳಗಿನ ಗುಂಡು ಸವದಾವ." ಅಂವಾ ತಲೆ ಆಡಿಸುತ್ತಿದ್ದ. ಆಕಿ ಸೆರಗಿನೊಳಗೆ ತಲೆ ಆಡಿಸುತ್ತಿದ್ದಳು. ನಡುವೆ ನಾನು.

ಉಮರಗಾದ ಮಿಸ್ತ್ರಿಯದೂ ಅದೇ ಹಾಡು. ಗಂಡ ಏನಾದರೂ ಕೇಳಿದರೆ ಮೀಸೆಯಲ್ಲಿ ನಗುತ್ತ, "ಅರೇ ಅಣ್ಣಾ, ನನಗ್ಯಾಕ ಕೇಳತಿ? ಮನ್ಯಾಗ ಛೋಟಿ ಭಾಭಿ ಅದಾಳಲ್ಲ, ಕೇಳಕೊಂಡು ಬಾ, ಆಮ್ಯಾಲ ಬೋಲ್ಟಿಗೆ ಪಾನಾ ಹಚ್ಚತೀನಿ" ಅನ್ನುತ್ತಿದ್ದ. ಗಂಡ ಅದನ್ನು ಮನೆಗೆ ಬಂದು ನನ್ನ ಎದುರೇ ಹೇಳುತ್ತಿದ್ದ, ಹೆಮ್ಮೆಯಿಂದ.

ಹದಿನೈದು ಚೀಲ ಹೇರಿದ ದಿನ ಮೋಟಾರಿನ ಹಿಂದಿನ ಅಚ್ಚು ನಡು ಬಗ್ಗಿತು. ಎರಡೂ ಗಾಲಿ ಮೇಲುಗಡೆ ಒಂದಕ್ಕೊಂದು ವಾಲಿದವು. ಮಿಸ್ತ್ರಿ ನೋಡಿ ಹೇಳಿದ: ಇದು ಸಾಹೇಬರು ಕೂಡುವ ಗಾಡಿ, ಮೂವತ್ತು ಚೀಲಕ್ಕೆ ಲಾರಿಯ ಹಿಂದಿನ ಅಚ್ಚೇ ಬೇಕು, ಪೂರಾ ಅಚ್ಚು, ಡಬ್ಬಿ ಸಮೇತ, ಸಿಕ್ಕರೆ ಉದಗೀರದ ಗುಜರಿಯಲ್ಲೇ ಸಿಗಬೇಕು. ಆಕಿಗೆ ಈ ಸುದ್ದಿ ನಾನೇ ಮುಟ್ಟಿಸಿದೆ. ಆಕಿ ಅಳತೆ ಹಿಡಿಯಲು ನೂಲಿನ ಹುರಿ ತಂದು, ಮೋಟಾರಿನ ಕೆಳಗೆ ಬಗ್ಗಿ, ಭಾರ ಹೊರುವ ಉಕ್ಕಿನ ಪಾಟಾದಿಂದ ಪಾಟಾಕ್ಕೆ ಒಂದು ಗಂಟು, ಗಾಲಿಯಿಂದ ಗಾಲಿಗೆ ಒಂದು ಗಂಟು ಹಾಕಿದಳು. ಆಮೇಲೆ ಹುರಿಯನ್ನು ನನ್ನ ಕೈಗೆ ಕೊಟ್ಟಳು, ಗಂಡನ ಕೈಗೆ ಕೊಡಲಿಕ್ಕೆ. ಅಂವಾ ಅಂಗಳದಲ್ಲೇ ನಿಂತಿದ್ದ.

ಆರಿಸಲು ಆಕಿ ಬರಲೇಬೇಕು ಅಂದ ಗಂಡ. ಆಕಿ ಬಂದರೆ ಮಾತು ಹೊರಲು ನಾನು ಬರಬೇಕು. ಕಟ್ಟಿಗೆ ಕೊಟ್ಟು ಬಗ್ಗಿದ ಅಚ್ಚಿಗೆ ಹ್ಯಾಗೋ ನಡು ಕಟ್ಟಿ, ಖಾಲಿ ಮೋಟಾರಿನಲ್ಲಿ ಮೂವರೂ ಹೊರಟೆವು. ಆಕಿ ದಾರಿಯುದ್ದಕ್ಕೂ ಸೆರಗಿನೊಳಗೆ ಹಿಗ್ಗುತ್ತಿದ್ದಳು, ತವರಿಗೆ ಹೊರಟಿದ್ದಳಲ್ಲ. ನಿಲಂಗಾದಲ್ಲಿ ಗಂಡ ಭಜಿ ತಂದ. ಎರಡು ಪೊಟ್ಟಣ. ಒಂದು ತಾನು ಇಟ್ಟುಕೊಂಡು ಒಂದು ನನ್ನ ಕೈಗೆ ಕೊಟ್ಟು, "ಆಕೀಗೂ ಕೊಡು" ಅಂದ. ನಾನು ಆಕಿಗೆ ಮೂರೇ ಕೊಟ್ಟೆ. ಅಷ್ಟು ಸಣ್ಣವಳಾಗಿದ್ದೆ ಆ ದಿನಗಳಲ್ಲಿ.

ಗುಜರಿ ಅಂದರೆ ಮುಳ್ಳುಬೇಲಿ ಹಾಕಿದ ಒಂದು ಬಯಲು. ಲಾರಿಯ ಎಲುಬು, ಗಾಲಿ, ತುಕ್ಕು ಹಿಡಿದ ಮೂತಿ ಎಲ್ಲ ಗುಡ್ಡೆ ಗುಡ್ಡೆ. ಮುದುಕ ಮಗಳನ್ನು ನೋಡಿ ಎದ್ದು ಬಂದ. ಅವನಿಗೆ ಕಿವಿ ಮಂದ ಆಗಿತ್ತು. ನಮ್ಮ ಎದುರು ಅದು ಗೊತ್ತಾಗಬಾರದು ಅಂತ ಎಲ್ಲದಕ್ಕೂ ಹ್ಞೂಂ ಹ್ಞೂಂ ಅನ್ನುತ್ತಿದ್ದ. ನನ್ನ ಗಂಡ "ದೊಡ್ಡ ಅಚ್ಚು ಬೇಕಾಗ್ಯಾದ್ರಿ ಮಾಮಾ" ಅಂದರೆ, "ಊಟ ಆಮ್ಯಾಲಾಗಲಿ, ಮೊದಲ ನೀರು ಕುಡೀರಿ" ಅಂದ.

ಹುರಿಗೆ ಸರಿ ಹೊಂದುವ ಅಚ್ಚು ಎರಡು ಸಿಕ್ಕವು. ಒಂದು ದಪ್ಪ, ಮೈತುಂಬ ಕರೀ ಬಣ್ಣ, ಮದುಮಗನಂಗೆ ಮಿಂಚುತ್ತಿತ್ತು. ಇನ್ನೊಂದು ಸ್ವಲ್ಪ ಸಣ್ಣದು, ತುಕ್ಕು ಹತ್ತಿ ಕೆಂಪಗಾಗಿತ್ತು, ಮೇಲೆ ಕೋಳಿ ಕುಂತು ಹೇತಿತ್ತು. ಮುದುಕ ಕರಿಯದಕ್ಕೆ ಸುತ್ತಿಗೆಯಿಂದ ಬಡಿದು, ಕಿವಿ ಹಚ್ಚಿ, "ಗಂಟಿ ಹೊಡದಂಗ ಅದ, ಕೇಳ್ರಿ" ಅಂದ. ನನ್ನ ಗಂಡ ಕೇಳಿದ. ಅವನಿಗೆ ಏನು ತಿಳಿಯಬೇಕು? ಬಣ್ಣ ನೋಡಿ ಆಗಲೇ ಮನಸ್ಸು ಕೊಟ್ಟಿದ್ದ. ಆದರೂ ನನ್ನನ್ನು ಕರೆದು, "ಆಕೀಗೆ ಕೇಳು" ಅಂದು, ಮುದುಕನ ಸಂಗಡ ನೀರು ಕುಡಿಯಲು ಗುಡಿಸಲ ಕಡೆ ಹೋದ.

ಆಕಿ ಅವರು ಮರೆಯಾಗುವ ತನಕ ಕಾದಳು. ಆಮೇಲೆ ಕರಿಯದಕ್ಕೆ ಒಂದು ಹರಳಿನಿಂದ ಮೆಲ್ಲಗೆ ಬಡಿದಳು. ಈ ತುದಿಗೆ, ಆ ತುದಿಗೆ, ಡಬ್ಬಿಯ ಕುತ್ತಿಗೆಗೆ. ಕುತ್ತಿಗೆಗೆ ಬಡಿದಾಗ ಸೀಳಿದ ಗಡಿಗೆಯ ಸಪ್ಪಳ ಬಂತು. ನನಗೂ ಕೇಳಿಸಿತು. ಇದನ್ನೂ ಬರೆಯಬೇಕು: ನನಗೂ ಕೇಳಿಸಿತು. ಉಗುರಿನಿಂದ ಬಣ್ಣ ಕೆರೆದಳು. ಕೆಳಗೆ ಹಿತ್ತಾಳೆ ತುಂಬಿ ಕೂಡಿಸಿದ ಗೆರೆ.

"ಅಕ್ಕಾ, ಇದು ಒಡದದ್ರಿ. ಯಾರೋ ಬೆಸದು, ಬಣ್ಣ ಬಳದು ಅಪ್ಪಗ ಹಾಕಿ ಹೋಗ್ಯಾರ. ಅಪ್ಪಗ ಕಿವಿ ಕೇಳಿಸಂಗಿಲ್ಲ, ಪಾಪ, ತಾ ಬಡದಿದ್ದು ತನಗೇ ತಿಳದಿಲ್ಲ. ಭಾವಗ ಹೇಳ್ರಿ, ಕೆಂಪಂದು ತಗೋಳ್ಳಿ ಅಂತ. ಅದು ಸಾಯೂತನಾ ಬರತದ. ಆದ್ರ ಅಪ್ಪನ ಮುಂದ ಕೆಟ್ಟದಂತ ಅನಬ್ಯಾಡ್ರಿ. ಕೆಂಪಂದು ಮನಸ್ಸಿಗೆ ಬಂತು ಅಂದ್ರ ಸಾಕು. ಅಂವಾ ಬೀಗರ ಮುಂದ ನಾಚಿ ಸಾಯತಾನ."

ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು, ಅಪ್ಪನ ಕಿವಿಗಾಗಿ. ತವರಿನ ಮಾಲು ಕೆಟ್ಟದ್ದು ಅಂತ ತಾನೇ ಹೇಳಿ, ನಮ್ಮ ಮನೆ ಉಳಿಸಲಿಕ್ಕೆ ನಿಂತಿದ್ದಳು. ನಾನು ಅದನ್ನೆಲ್ಲ ನೋಡಿದೆ. ನೋಡಿ, ಗುಡಿಸಲ ಕಡೆ ನಡೆದೆ. ನಡೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಈ ಮಾತು ಮುಟ್ಟಿಸಿದರೆ ಗಂಡ ಮತ್ತೆ ಆ ನೋಟ ನೋಡುತ್ತಾನೆ. ಈ ಸಲ ಒಂದು ಗಳಿಗೆ ಅಲ್ಲ, ಜನ್ಮಪೂರ್ತಿ.

"ಏನಂದ್ಲು?" ಅಂದ ಗಂಡ.

"ಕರೀದೇ ಛಲೋ ಅದ ಅಂದ್ಲು."

ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯ ಆಯಿತು, ಎಷ್ಟು ಸಲೀಸು ಬಂತಲ್ಲ ಅಂತ. ಆಳುಗಳು ಕರಿ ಅಚ್ಚನ್ನು ಹಲಗೆ ಮೇಲೆ ಏರಿಸುವಾಗ ಆಕಿ ನನ್ನ ಸೆರಗು ಜಗ್ಗಿದಳು. "ಅಕ್ಕಾ, ಹೇಳಿದ್ರಿಲ್ಲ?"

"ಹೇಳೀನಿ. ಅವರ ಮರ್ಜಿ. ಗಂಡಸರು, ನಮ್ಮ ಮಾತು ಎಲ್ಲಿತನಾ ಕೇಳತಾರ?"

ಆಕಿ ನಂಬಿದಳು. ಭಾವ ಅಂದಮೇಲೆ ಎದುರು ಮಾತಿಲ್ಲ. ಬರುವಾಗ ಆಕಿ ಹಿಗ್ಗಲಿಲ್ಲ.

ಉಮರಗಾದಲ್ಲಿ ಮಿಸ್ತ್ರಿ ನಾಲ್ಕು ದಿನ ಹಿಡಿದ. ಪಾಟಾ ಕೂಡುವ ಗದ್ದಿಗೆ ಸರಿಸಿದ, ಎಂಜಿನ್ನಿನಿಂದ ಬರುವ ದಂಡಕ್ಕೆ ಹೊಸ ಕೀಲು ಹಾಕಿದ. ಅವನಿಗೂ ಸಂಶಯ ಬಂದಿತ್ತು. "ಹಳೇ ಕಬ್ಬಣಕ್ಕ ಇಷ್ಟು ಬಣ್ಣ ಯಾಕ ಅಣ್ಣಾ? ಮುದುಕಿ ಕಣ್ಣಿಗೆ ಸುರಮಾ ಹಚ್ಚಿದಂಗ ಆಗ್ಯಾದ" ಅಂದ. ನನ್ನ ಗಂಡ ಎದೆ ಸೆಟೆದು, "ಆಕೀನೇ ಬಡದು ಬಡದು ಆರಿಸ್ಯಾಳ" ಅಂದನಂತೆ. ಮಿಸ್ತ್ರಿ ಬೋಲ್ಟು ಬಿಗಿದ. ಹಿಂಗೆ ಆಕಿ ಹೆಸರಿನ ಮೇಲೆ ಆ ಒಡಕ ಅಚ್ಚು ನಮ್ಮ ಮೋಟಾರಿನ ಕೆಳಗೆ ಕುಂತಿತು.

ಮೂವತ್ತು ಚೀಲದ ಮೊದಲ ಹೇರು. ಆಕಿ ಅಪ್ಪನಿಗೆ ಜ್ವರ ಅಂತ ಸುದ್ದಿ ಬಂದಿದ್ದರಿಂದ ಆಕಿಯೂ ಹೊರಟಳು, ಆಕಿಗಾಗಿ ನಾನೂ ಹೊರಟೆ. ತೇರ್ನಾ ನದಿಯಲ್ಲಿ ಮೊಣಕಾಲು ನೀರು. ನೀರು ದಾಟಿತು. ಆಚೆ ದಡದ ಏರು ಬಂದಾಗ ಭಾರ ಕಮ್ಮಿ ಆಗಲಿ ಅಂತ ನಾವಿಬ್ಬರೂ ಇಳಿದೆವು. ಏರಿನಲ್ಲಿ ಗಾಡಿಯ ಹಿಂದೆ ಒಬ್ಬರು ಕಲ್ಲು ಹಿಡಿದು ನಡೆಯಬೇಕು, ಗಾಡಿ ಹಿಂದಕ್ಕೆ ಉರುಳಿದರೆ ಗಾಲಿಗೆ ಕೊಡಲಿಕ್ಕೆ. ನಾನು ಹಿರಿಯವಳು, ಕಲ್ಲು ನನ್ನ ಕೈಯಲ್ಲಿತ್ತು.

ಅರ್ಧ ಏರಿನಲ್ಲಿ ಡಬ್ಬಿಯ ಹತ್ತಿರ ಒಂದು ಸಪ್ಪಳ ಆಯಿತು. ದೊಡ್ಡದೇನಲ್ಲ. ಎಡಗಾಲಿ ಮಲಗಿತು. ಮೋಟಾರು ಒಂದು ಕ್ಷಣ ನಿಂತು, ಹಿಂದಕ್ಕೆ ಜಾರತೊಡಗಿತು, ನಮ್ಮ ಕಡೆಗೆ, ನೀರಿನ ಕಡೆಗೆ. ನಾನು ಕಲ್ಲು ಹಿಡಿದುಕೊಂಡು ನಿಂತೇಬಿಟ್ಟೆ. ಕೈ ಬರಲಿಲ್ಲ. ಆಕಿ ನನ್ನ ಕೈಯಿಂದ ಕಲ್ಲು ಕಿತ್ತುಕೊಂಡು ಗಾಲಿಯ ಕೆಳಗೆ ನುಗ್ಗಿದಳು.

"ಭಾವಾ! ಎಡಕ್ಕ ತಿರುವ್ರಿ! ದಡಕ್ಕ ಹಾಯಿಸ್ರಿ, ದಡಕ್ಕ!"

ಒಂದು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಅಂವಾ ಆಕಿ ದನಿ ನೇರ ಕೇಳಿದ್ದು ಅದೇ ಮೊದಲು. ತಿರುವಿದ. ಮೋಟಾರಿನ ಬಾಲ ದಡದ ಮಣ್ಣಿಗೆ ಗುದ್ದಿ ನಿಂತಿತು. ಆರೇಳು ಚೀಲ ಹರಿದು ಶೇಂಗಾ ನೀರಿಗೆ ಹೋಯಿತು. ಆಕಿಯ ಎರಡು ಬೆರಳು ಕಲ್ಲು ಗಾಲಿ ನಡುವೆ ಸಿಕ್ಕು ಜಜ್ಜಿದ್ದವು.

ಗಂಡ ಇಳಿದು ಬಂದು ಕೆಳಗೆ ಬಗ್ಗಿ ನೋಡಿದ. ಕರೀ ಬಣ್ಣ ಬಿರಿದು ಒಳಗೆ ಹಿತ್ತಾಳೆ ಹಳದಿ ಮಿಂಚುತ್ತಿತ್ತು. ನನ್ನ ಕಡೆ ತಿರುಗಿ ಕೇಳಿದ, "ಇದನ್ನ ಆಕೀನೇ ಆರಿಸಿದ್ದಿಲ್ಲೇನು? ಕೇಳು."

ಆಕಿಗೆ ಆಗ ತಿಳಿಯಿತು. ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಕಿ ಜಾರಿದ ಸೆರಗನ್ನು ಮತ್ತೆ ಎಳೆದುಕೊಂಡು, ರಕ್ತ ಸುರಿಯುವ ಕೈಯನ್ನು ಅದರೊಳಗೆ ಸುತ್ತಿ, ನನ್ನ ಕಿವಿಯ ಹತ್ತಿರ ಬಂದಳು.

"ಅಕ್ಕಾ, ಭಾವಗ ಹೇಳ್ರಿ. ನನ್ನ ಕಿವಿ ತಪ್ಪಿತಂತ."

ಆ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಮುಟ್ಟಿಸಿದೆ. "ಆಕಿ ಕಿವಿ ತಪ್ಪಿತಂತ್ರಿ."

ನಿಮಗೆ ಅನಿಸಬಹುದು, ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಅಂತ. ಆರಲಿಲ್ಲ. ಇನ್ನೂ ಹೆಚ್ಚಾಯಿತು. ಕಿವಿ ಆಕಿಯದು, ಗಟ್ಟಿ ಎದೆ ಆಕಿಯದು, ಈಗ ದೊಡ್ಡ ಮನಸ್ಸೂ ಆಕಿಯದೇ ಆಯಿತಲ್ಲ. ನನಗೇನು ಉಳಿಯಿತು ಅಂತ ಉರಿದೆ. ಬೆರಳಿಗೆ ಅರಿಷಿಣ ಕಟ್ಟುವಾಗಲೂ ಉರಿಯುತ್ತಲೇ ಕಟ್ಟಿದೆ.

ಮೋಟಾರನ್ನು ಅಲ್ಲೇ ಬಿಟ್ಟು, ಬಾಡಿಗೆ ಬಂಡಿ ಹಿಡಿದು ಸಂಜೆಗೆ ಊರಿಗೆ ಬಂದೆವು. ಉಮರಗಾ ಹಾಯುವಾಗಲೇ ಸಾಹುಕಾರ ಹೇಳಿಬಿಟ್ಟಿದ್ದ: ಹದಿನೈದು ದಿನ ತಡೆಯುತ್ತೇನೆ, ಆಮೇಲೆ ಬಂಡಿಯವರಿಗೆ. ಗಂಡ ಕಟ್ಟೆಯ ಮೇಲೆ ಕುಂತು ಮೈದುನನಿಗೆ ಹೇಳುತ್ತಿದ್ದ, ಆಕಿಗೆ ಕೇಳಿಸುವ ಹಂಗೆ: "ಹೆಂಗಸಿನ ಮಾತು ಕೇಳಿ ಕೆಟ್ಟೆ. ಇನ್ನ ಆಕೀ ಮಾತು ನನಗ ಬ್ಯಾಡ. ನಾಳಿ ನಾನೇ ಹೋಗಿ ನನ್ನ ಕಣ್ಣಿಗೆ ಛಲೋ ಕಂಡದ್ದು ತರತೀನಿ." ಅವನ ಕಣ್ಣಿಗೆ ಛಲೋ ಕಾಣುವುದು ಯಾವುದು ಅಂತ ನನಗೆ ಗೊತ್ತಿತ್ತು. ಮತ್ತೊಂದು ಮದುಮಗನನ್ನು ತರುತ್ತಿದ್ದ. ಮತ್ತೆ ಮುರಿಯುತ್ತಿತ್ತು. ಎತ್ತು ಇಲ್ಲ, ಮೋಟಾರೂ ಇಲ್ಲ. ಮೈದುನ ಎದ್ದು ಬಾಡಿಗೆ ಬಂಡಿಯ ಎತ್ತಿಗೆ ಮೇವು ಹಾಕಿದ. ಒಳಗೆ ಆಕಿ ಒಂದೇ ಕೈಯಿಂದ ಹಿಟ್ಟು ನಾದುತ್ತಿದ್ದಳು.

ಮರುದಿನ ಹೊತ್ತು ಮೂಡುವ ಮೊದಲೇ ಗಂಡ ಆ ಬಾಡಿಗೆ ಬಂಡಿ ಹೂಡಲು ನಿಂತಿದ್ದ. ಹಣೆಗೆ ವಿಭೂತಿ ಇನ್ನೂ ಹಸಿ ಇತ್ತು. ನಾನು ಎದುರು ಹೋಗಿ ನಿಂತೆ.

"ಆಕಿ ಕೆಂಪಂದು ತಗೋಳ್ಳಿ ಅಂದಿದ್ಲು. ಕರೀದು ಒಡದದ ಅಂದಿದ್ಲು. ನಾನೇ ಉಲ್ಟಾ ಹೇಳೀನಿ."

ಅಂವಾ ಹಗ್ಗ ಹಿಡಿದವನು ಹಂಗೇ ನಿಂತ. "ಯಾಕ?"

"ಹೊಟ್ಟಿಕಿಚ್ಚು."

"ಯಾರ ಮ್ಯಾಲ?"

"ಆಕೀ ಮ್ಯಾಲ. ಮತ್ತ ಯಾರ ಮ್ಯಾಲ, ಮೋಟಾರ ಮ್ಯಾಲೇನು?"

ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ನನ್ನನ್ನೇ ನೋಡಿದ, ಬಹಳ ಹೊತ್ತು. ಒಂಬತ್ತು ವರ್ಷದಲ್ಲಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು, ಆ ನೋಟ ಮಾತ್ರ ನಾನು ಬಯಸಿದ್ದಲ್ಲ. ನಾನು ಒಳಗೆ ಹೋಗಿ ಆಕಿಯ ರಟ್ಟೆ ಹಿಡಿದು ಎಬ್ಬಿಸಿ ತಂದು ಬಂಡಿಯಲ್ಲಿ ಕೂಡಿಸಿದೆ. ಮೈದುನನನ್ನು ಕರೆದು ಬಾರುಕೋಲು ಅವನ ಕೈಗೆ ಕೊಟ್ಟೆ.

"ನೀ ಬಂಡಿ ಹೊಡಿ" ಅಂದು, ಆಕಿ ಕಡೆ ತಿರುಗಿದೆ. "ನೀ ಕೆಂಪಂದು ತೋರಸು, ನಿನ್ನ ಬಾಯಿಂದ ನೀನೇ ಭಾವಗ ಹೇಳು. ನಾ ಬರಂಗಿಲ್ಲ."

"ಅಯ್ಯ ಅಕ್ಕಾ, ಭಾವನ ಮುಂದ ನಾ ಹ್ಯಾಂಗ..." ಅಂದಳು ಆಕಿ.

"ನಿನ್ನೆ ನದ್ಯಾಗ ಒದರಿದೆಲ್ಲ, ಹಂಗ. ಜರಾ ಸಣ್ಣಗ."

ಬಂಡಿ ಊರ ಅಗಸಿ ದಾಟುವುದನ್ನು ನಾನು ನಿಂತು ನೋಡಲಿಲ್ಲ. ಮೈದುನನ ಹೊಲದಲ್ಲಿ ಕುಸುಬಿ ಕೊಯ್ಲಿಗೆ ಬಂದಿತ್ತು, ಕೊಯ್ಯುವವ ಬಂಡಿ ಹೊಡೆದು ಹೋಗಿದ್ದ. ಇಬ್ಬನಿ ಇರುವಾಗ ಅದರ ಮುಳ್ಳು ಮೆತ್ತಗಿರುತ್ತದೆ, ಬಿಸಿಲೇರಿದರೆ ಕೈ ಹರಿಯುತ್ತದೆ. ಕುಡುಗೋಲು ತಗೊಂಡು, ತಲೆಗೆ ಸೆರಗು ಬಿಗಿದು, ಅವನ ಸಾಲಿನಲ್ಲಿ ಬಗ್ಗಿ ಕೊಯ್ಯತೊಡಗಿದೆ.